ಎರಡು ಕಣ್ಣು, ಒಂದು ನೋಟ: ಇಬ್ನುಲ್ ಹೈಸಮ್‌ರಿಂದ ತ್ರೀಡಿ ಕನ್ನಡಕದವರೆಗೆ

ಈ ಲೇಖನವನ್ನು ಓದುವ ಮುನ್ನ ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ನಿಮ್ಮ ತೋರುಬೆರಳನ್ನು ಮುಖದ ಮುಂದೆ ಒಂದು ಗೇಣು ದೂರದಲ್ಲಿ ನೆಟ್ಟಗೆ ಹಿಡಿಯಿರಿ. ಮೊದಲು ಎಡಗಣ್ಣು ಮುಚ್ಚಿ ನೋಡಿ, ಬಳಿಕ ಬಲಗಣ್ಣು ಮುಚ್ಚಿ ನೋಡಿ. ಬೆರಳು ಇದ್ದಲ್ಲೇ ಇದ್ದರೂ ಹಿಂದಿನ ಗೋಡೆಯ ಮೇಲೆ ಅದು ಪಕ್ಕಕ್ಕೆ ಜಿಗಿದಂತೆ ಕಾಣುತ್ತದೆ. ಈಗ ಎರಡೂ ಕಣ್ಣು ತೆರೆದು ದೂರದ ಗೋಡೆಯನ್ನೇ ದಿಟ್ಟಿಸಿ. ಬೆರಳು ಒಂದಿದ್ದದ್ದು ಎರಡಾಗುತ್ತದೆ. ಗೋಡೆಯನ್ನು ಬಿಟ್ಟು ಬೆರಳನ್ನು ದಿಟ್ಟಿಸಿದರೆ ಅದು ಪುನಃ ಒಂದಾಗುತ್ತದೆ.

ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು ಆರು ಸೆಂಟಿಮೀಟರ್ ಅಂತರವಿದೆ. ಆದ್ದರಿಂದ ಒಂದೊಂದು ಕಣ್ಣಿಗೆ ಒಂದೊಂದು ಬೇರೆ ಚಿತ್ರ ಕಾಣುತ್ತದೆ. ಹಾಗಿದ್ದರೂ ಜಗತ್ತು ನಮಗೆ ಎರಡಾಗಿ ಕಾಣದೆ ಒಂದಾಗಿಯೇ ಏಕೆ ಕಾಣುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಮನುಕುಲಕ್ಕೆ ಸಾವಿರಾರು ವರ್ಷ ಹಿಡಿಯಿತು. ಆ ಹುಡುಕಾಟದ ಒಂದು ಘಟ್ಟದಲ್ಲಿ ಬಸ್ರಾದ ಒಬ್ಬ ವಿದ್ವಾಂಸರು ನಿಂತಿದ್ದಾರೆ. ಇನ್ನೊಂದು ತುದಿಯಲ್ಲಿ ಸಿನಿಮಾ ಮಂದಿರದ ಬಾಗಿಲಲ್ಲಿ ಕೈಗೆ ಕೊಡುವ ಕಪ್ಪು ಕನ್ನಡಕವಿದೆ. 'ಈ ಕನ್ನಡಕ ಹಾಕಿದರೆ ಮಕ್ಕಳ ಕಣ್ಣು ಕೆಡುತ್ತದೆಯೇ?' ಎಂದು ತಂದೆತಾಯಂದಿರು ಕೇಳುತ್ತಾರೆ. 'ಚಿತ್ರ ಏಕೆ ಮಂಕಾಗಿ ಕಾಣುತ್ತದೆ?' ಎಂದು ಮಕ್ಕಳು ಕೇಳುತ್ತಾರೆ. ಎರಡೂ ಪ್ರಶ್ನೆಗಳಿಗೆ ಇತಿಹಾಸದಲ್ಲಿಯೇ ಉತ್ತರವಿದೆ. ಕೊನೆಯಲ್ಲಿ ನಮ್ಮ ಶಾಲೆಗಳಿಗೆ ಸಂಬಂಧಿಸಿದ ಒಂದು ಮುಖ್ಯ ವಿಷಯವೂ ಇದೆ. ಆದ್ದರಿಂದ ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ವಿನಂತಿ.

ಮೇಣದ ಕಡ್ಡಿಗಳ ಪ್ರಯೋಗ

ಎರಡು ಕಣ್ಣುಗಳಿಗೆ ಬೇರೆ ಬೇರೆ ನೋಟ ಕಾಣುತ್ತದೆಂಬುದನ್ನು ಪ್ರಾಚೀನರು ಬಲ್ಲವರಾಗಿದ್ದರು. ಗ್ರೀಕ್ ವೈದ್ಯ ಗ್ಯಾಲೆನ್ ಎರಡನೇ ಶತಮಾನದಲ್ಲಿಯೇ ಇದನ್ನು ಬರೆದಿದ್ದರು. ಅಲೆಕ್ಸಾಂಡ್ರಿಯಾದ ಟಾಲೆಮಿ ಕೂಡ ಒಂದು ವಸ್ತು ಎರಡಾಗಿ ಕಾಣುವ ಬಗ್ಗೆ ಚರ್ಚಿಸಿದ್ದರು. ಆದರೆ ಕಣ್ಣಿನಿಂದ ಕಿರಣಗಳು ಹೊರಟು ವಸ್ತುವನ್ನು ಮುಟ್ಟುತ್ತವೆ ಎಂಬ ನಂಬಿಕೆ ಅಂದು ಬಲವಾಗಿತ್ತು. ಅದನ್ನು ತರ್ಕ ಮತ್ತು ಪ್ರಯೋಗಗಳಿಂದ ಅಲ್ಲಗಳೆದವರು ಅಬೂ ಅಲೀ ಅಲ್ ಹಸನ್ ಇಬ್ನುಲ್ ಹೈಸಮ್.

ಕ್ರಿ.ಶ. 965ರ ಸುಮಾರಿಗೆ ಇಂದಿನ ಇರಾಕಿನ ಬಸ್ರಾದಲ್ಲಿ ಜನಿಸಿದ ಅವರು ಜೀವನದ ಹೆಚ್ಚಿನ ಭಾಗವನ್ನು ಕೈರೋದಲ್ಲಿ ಕಳೆದು, 1040ರ ಸುಮಾರಿಗೆ ಅಲ್ಲಿಯೇ ನಿಧನರಾದರು. ಅಲ್ ಅಝ್‌ಹರ್ ಮಸೀದಿಯ ಬಳಿ ವಾಸವಾಗಿದ್ದು, ಗಣಿತ ಗ್ರಂಥಗಳ ಪ್ರತಿ ಮಾಡಿ ಸಿಗುತ್ತಿದ್ದ ಹಣದಲ್ಲಿ ಬದುಕು ಸಾಗಿಸುತ್ತಿದ್ದರೆಂದು ಹಳೆಯ ಚರಿತ್ರೆಕಾರರು ಹೇಳುತ್ತಾರೆ. ಅವರ 'ಕಿತಾಬುಲ್ ಮನಾಝಿರ್' ಏಳು ಭಾಗಗಳ ಬೃಹತ್ ಗ್ರಂಥ. ವಸ್ತುಗಳಿಂದ ಹೊರಟ ಬೆಳಕು ಕಣ್ಣನ್ನು ಪ್ರವೇಶಿಸುವುದರಿಂದಲೇ ನಾವು ನೋಡುತ್ತೇವೆ ಎಂದು ಅದರಲ್ಲಿ ಹೆಜ್ಜೆ ಹೆಜ್ಜೆಯಾಗಿ ಸಾಧಿಸಲಾಗಿದೆ.

ಈ ಗ್ರಂಥದ ಮೂರನೇ ಭಾಗದಲ್ಲಿ ನಮ್ಮ ವಿಷಯಕ್ಕೆ ಸಂಬಂಧಿಸಿದ ಒಂದು ಪ್ರಯೋಗವಿದೆ. ಒಂದು ಮೊಳ ಉದ್ದ, ನಾಲ್ಕು ಬೆರಳು ಅಗಲದ ಹಲಗೆಯನ್ನು ತೆಗೆದುಕೊಳ್ಳಬೇಕು. ಅದರ ಒಂದು ತುದಿಯಲ್ಲಿ ಮೂಗಿನ ಸೇತುವೆ ಕೂರುವಷ್ಟು ಕಚ್ಚು ಮಾಡಬೇಕು. ಹಲಗೆಯ ನಡುವೆ ಉದ್ದಕ್ಕೆ ಒಂದು ಗೆರೆಯನ್ನೂ ಮೂಲೆಯಿಂದ ಮೂಲೆಗೆ ಎರಡು ಬಣ್ಣದ ಗೆರೆಗಳನ್ನೂ ಎಳೆಯಬೇಕು. ನಂತರ ಬೇರೆ ಬೇರೆ ಬಣ್ಣದ ಮೇಣದ ಸಣ್ಣ ಕಡ್ಡಿಗಳನ್ನು ಮಾಡಿ ಹಲಗೆಯ ಮೇಲೆ ನಿಲ್ಲಿಸಬೇಕು. ಹಲಗೆಯನ್ನು ಮೂಗಿಗೆ ತಾಗಿಸಿ ನಡುವಿನ ಕಡ್ಡಿಯನ್ನೇ ದಿಟ್ಟಿಸಿದರೆ ಆ ಕಡ್ಡಿ ಒಂದಾಗಿ ಕಾಣುತ್ತದೆ. ಅದೇ ಗೆರೆಯ ಮೇಲೆ ಹತ್ತಿರದಲ್ಲಿಯೂ ದೂರದಲ್ಲಿಯೂ ಇರುವ ಕಡ್ಡಿಗಳು ಎರಡೆರಡಾಗುತ್ತವೆ. ರಟ್ಟಿನ ತುಂಡು ಮತ್ತು ಮೂರು ಬೆಂಕಿಕಡ್ಡಿಗಳಿಂದ ಇದನ್ನು ನೀವು ಇಂದೇ ಮನೆಯಲ್ಲಿ ಮಾಡಿ ನೋಡಬಹುದು.

ಇದರಿಂದ ಅವರು ಕಂಡುಕೊಂಡದ್ದೇನು? ಎರಡು ಕಣ್ಣುಗಳೂ ಜೊತೆಯಾಗಿ ಚಲಿಸಿ ಒಂದೇ ಬಿಂದುವಿನ ಮೇಲೆ ನಿಲ್ಲುತ್ತವೆ. ಅಲ್ಲಿರುವ ವಸ್ತುವಿನ ಎರಡು ಚಿತ್ರಗಳು ಎರಡು ಕಣ್ಣುಗಳ ಹೊಂದಿಕೆಯಾಗುವ ಸ್ಥಾನಗಳಲ್ಲಿ ಬೀಳುತ್ತವೆ. ಎರಡು ದೃಷ್ಟಿನರಗಳು ಕೂಡುವ ಜಾಗದಲ್ಲಿ ಆ ಚಿತ್ರಗಳು ಒಂದಾಗುತ್ತವೆ. ನೋಟ ಕಣ್ಣಿನಲ್ಲಿಯೇ ಮುಗಿಯುವುದಿಲ್ಲ, ಮಿದುಳಿನ ಮುಂಭಾಗದಲ್ಲಿ ಪೂರ್ಣವಾಗುತ್ತದೆ ಎಂಬುದು ಅವರ ನಿಲುವಾಗಿತ್ತು. ಎರಡು ಕಣ್ಣುಗಳು, ಅವುಗಳಿಂದ ಹೊರಟು ಕೂಡುವ ನರಗಳು, ಇವುಗಳ ಒಂದು ರೇಖಾಚಿತ್ರ ಈ ಗ್ರಂಥದ 1083ರ ಹಸ್ತಪ್ರತಿಯಲ್ಲಿದೆ. ಅದು ಇಂದಿಗೂ ಇಸ್ತಾಂಬುಲ್‌ನಲ್ಲಿ ಸುರಕ್ಷಿತವಾಗಿದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಹೆಮ್ಮೆಯ ಭರದಲ್ಲಿ ನಮ್ಮ ಭಾಷಣಗಳಲ್ಲಿ 'ಕನ್ನಡಕವನ್ನೂ ಕ್ಯಾಮರಾವನ್ನೂ ಕಂಡುಹಿಡಿದವರು ಇಬ್ನುಲ್ ಹೈಸಮ್' ಎಂದು ಹೇಳುವುದುಂಟು. ಅದು ಸರಿಯಲ್ಲ. ಮೂಗಿನ ಮೇಲೆ ಕೂರುವ ಕನ್ನಡಕ ತಯಾರಾದದ್ದು 13ನೇ ಶತಮಾನದ ಕೊನೆಯಲ್ಲಿ, ಇಟಲಿಯಲ್ಲಿ. ಕಣ್ಣಿನ ಮುಂಭಾಗದ ಮಸೂರವೇ ಬೆಳಕನ್ನು ಗ್ರಹಿಸುತ್ತದೆ ಎಂದು ಇಬ್ನುಲ್ ಹೈಸಮ್ ಭಾವಿಸಿದ್ದರು. ಚಿತ್ರ ಮೂಡುವುದು ಹಿಂಭಾಗದ ಅಕ್ಷಿಪಟಲದ ಮೇಲೆ ಎಂದು 1604ರಲ್ಲಿ ತೋರಿಸಿಕೊಟ್ಟವರು ಜರ್ಮನಿಯ ಕೆಪ್ಲರ್. ಆದರೆ ಕೆಪ್ಲರ್ ಓದಿದ ವಿದ್ಯೆಯ ಹಿಂದೆ ಇಬ್ನುಲ್ ಹೈಸಮ್‌ರ ಗ್ರಂಥದ ಲ್ಯಾಟಿನ್ ಅನುವಾದವಿತ್ತು. 1572ರಲ್ಲಿ ಅದು ಬಾಸೆಲ್ ನಗರದಲ್ಲಿ ಅಚ್ಚಾಗಿತ್ತು. ಹಿಂದಿನವರು ಬರೆದದ್ದನ್ನು ಸಂಶಯದಿಂದ ಪರೀಕ್ಷಿಸಬೇಕು, ತನ್ನ ಬುದ್ಧಿಯನ್ನೂ ಸಂಶಯಿಸಬೇಕು ಎಂದು ಕಲಿಸಿದವರು ಅವರು. ಅಂಥವರನ್ನು ಅತಿಶಯೋಕ್ತಿಯಿಂದ ಹೊಗಳುವುದು ಅವರಿಗೆ ಸಲ್ಲಿಸುವ ಗೌರವವಾಗದು.

ವೀಟ್‌ಸ್ಟನ್‌ರ ಎರಡು ಕನ್ನಡಿಗಳು

ಎರಡು ಚಿತ್ರಗಳು ಹೇಗೆ ಒಂದಾಗುತ್ತವೆ ಎಂಬುದಕ್ಕೆ ಉತ್ತರ ಸಿಕ್ಕಿತ್ತು. ಆದರೆ ಅವು ಬೇರೆ ಬೇರೆಯಾಗಿರುವುದರಿಂದ ನಮಗೆ ಪ್ರಯೋಜನವೇನು? ಇದಕ್ಕೆ ಉತ್ತರ ಬಂದದ್ದು 1838ರಲ್ಲಿ. ಲಂಡನ್ನಿನ ಕಿಂಗ್ಸ್ ಕಾಲೇಜಿನ ಪ್ರಾಧ್ಯಾಪಕ ಚಾರ್ಲ್ಸ್ ವೀಟ್‌ಸ್ಟನ್ ಆ ವರ್ಷ ರಾಯಲ್ ಸೊಸೈಟಿಯ ಮುಂದೆ ಒಂದು ಪ್ರಬಂಧ ಮಂಡಿಸಿದರು.

ಅವರು ಒಂದು ಪೆಟ್ಟಿಗೆಯನ್ನು ಎಡಗಣ್ಣಿಗೆ ಕಾಣುವಂತೆ ಒಂದು ಹಾಳೆಯಲ್ಲಿ, ಬಲಗಣ್ಣಿಗೆ ಕಾಣುವಂತೆ ಇನ್ನೊಂದು ಹಾಳೆಯಲ್ಲಿ ಬರೆದರು. ಎರಡು ಕನ್ನಡಿಗಳನ್ನು ಮೂಲೆಯಾಕಾರದಲ್ಲಿ ಜೋಡಿಸಿ, ಒಂದೊಂದು ಕಣ್ಣಿಗೆ ಒಂದೊಂದು ಚಿತ್ರ ಮಾತ್ರ ಕಾಣುವಂತೆ ಮಾಡಿದರು. ನೋಡಿದವರಿಗೆ ಕಾಗದದ ಗೆರೆಗಳು ಮಾಯವಾಗಿ, ಕೈ ಹಾಕಿ ಹಿಡಿಯಬಹುದೆನಿಸುವ ಪೆಟ್ಟಿಗೆ ಕಾಣಿಸಿತು. ಈ ಉಪಕರಣಕ್ಕೆ ಅವರು 'ಸ್ಟೀರಿಯೋಸ್ಕೋಪ್' ಎಂದು ಹೆಸರಿಟ್ಟರು. ಎರಡು ಕಣ್ಣುಗಳ ನೋಟದಲ್ಲಿರುವ ಸಣ್ಣ ವ್ಯತ್ಯಾಸವನ್ನೇ ಅಳತೆಗೋಲಾಗಿ ಬಳಸಿ ಮಿದುಳು ವಸ್ತುವಿನ ಆಳವನ್ನು ಲೆಕ್ಕ ಹಾಕುತ್ತದೆ ಎಂದು ಸಿದ್ಧವಾಯಿತು. ಛಾಯಾಚಿತ್ರ ಕಲೆ ಜಗತ್ತಿಗೆ ಪ್ರಕಟವಾದದ್ದು ಅದರ ಮರುವರ್ಷ, 1839ರಲ್ಲಿ. ಅಂದರೆ ತ್ರೀಡಿ ಎಂಬುದು ಫೋಟೋಗಿಂತಲೂ ಹಳೆಯದು!

ವೀಟ್‌ಸ್ಟನ್‌ರ ಉಪಕರಣ ದೊಡ್ಡದಾಗಿತ್ತು. ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ 1849ರಲ್ಲಿ ಕನ್ನಡಿಗಳ ಬದಲು ಮಸೂರಗಳನ್ನು ಬಳಸಿ ಕೈಯಲ್ಲಿ ಹಿಡಿಯುವಂಥ ಪೆಟ್ಟಿಗೆಯನ್ನು ರೂಪಿಸಿದರು. 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ರಾಣಿ ವಿಕ್ಟೋರಿಯಾ ಅದನ್ನು ಮೆಚ್ಚಿದ ನಂತರ ಅದು ಯುರೋಪಿನ ಮನೆಮನೆಗೆ ಹೋಯಿತು. ಅಮೆರಿಕದ ವೈದ್ಯ ಹಾಗೂ ಲೇಖಕ ಆಲಿವರ್ ವೆಂಡೆಲ್ ಹೋಮ್ಸ್ 1861ರಲ್ಲಿ ಇನ್ನೂ ಸರಳವಾದ, ಅಗ್ಗದ ಒಂದು ಮಾದರಿಯನ್ನು ಮಾಡಿ, ಎಲ್ಲರಿಗೂ ಸಿಗಲೆಂದು ಪೇಟೆಂಟ್ ಪಡೆಯದೆ ಬಿಟ್ಟರು. ಫ್ರಾನ್ಸಿಸ್ ಫ್ರಿತ್ 1850ರ ದಶಕದಲ್ಲಿ ಈಜಿಪ್ಟಿಗೆ ಹೋಗಿ ತೆಗೆದ ಜೋಡಿ ಚಿತ್ರಗಳನ್ನು ಜನರು ಲಂಡನ್ನಿನ ಮನೆಗಳಲ್ಲಿ ಕುಳಿತು ನೋಡಿದರು. ಇಬ್ನುಲ್ ಹೈಸಮ್ ಎರಡು ಕಣ್ಣುಗಳ ರಹಸ್ಯವನ್ನು ಬರೆದ ನಾಡು, ಎಂಟು ಶತಮಾನಗಳ ನಂತರ, ಎರಡು ಕಣ್ಣುಗಳ ಪೆಟ್ಟಿಗೆಯೊಳಗೆ ಕಾಣಿಸಿಕೊಂಡಿತು. ನಮ್ಮ ಮಕ್ಕಳು ಆಡಿದ 'ವ್ಯೂ ಮಾಸ್ಟರ್' ಕೂಡ ಇದೇ ಮನೆತನದ್ದು. ಅದು 1939ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂತು.

ಇದು ಬರಿಯ ಆಟಿಕೆಯಾಗಿ ಉಳಿಯಲಿಲ್ಲ. ವಿಮಾನದಿಂದ ತೆಗೆದ ಜೋಡಿ ಚಿತ್ರಗಳನ್ನು ಸ್ಟೀರಿಯೋಸ್ಕೋಪಿನಲ್ಲಿ ನೋಡಿ ಬೆಟ್ಟದ ಎತ್ತರ, ಕಣಿವೆಯ ಆಳವನ್ನು ಅಳೆದು ನಕ್ಷೆ ತಯಾರಿಸುತ್ತಾರೆ. ಭೂಗೋಳ ಮತ್ತು ಭೂಗರ್ಭಶಾಸ್ತ್ರ ಓದುವ ಕಾಲೇಜು ವಿದ್ಯಾರ್ಥಿಗಳು ಪ್ರಯೋಗಾಲಯದಲ್ಲಿ ಈ ಉಪಕರಣವನ್ನು ಕಂಡಿರಬಹುದು.

ಬಣ್ಣದ ಗಾಜುಗಳು

ಪೆಟ್ಟಿಗೆಯೊಳಗೆ ಒಬ್ಬರು ಮಾತ್ರ ನೋಡಬಹುದು. ಸಭೆಯಲ್ಲಿ ಕುಳಿತ ನೂರಾರು ಜನರಿಗೆ ತೋರಿಸುವುದು ಹೇಗೆ? ಒಂದೇ ಪರದೆಯ ಮೇಲೆ ಎರಡೂ ಚಿತ್ರಗಳನ್ನು ಬೀಳಿಸಬೇಕು. ಒಂದೊಂದು ಕಣ್ಣಿಗೂ ಅದರ ಪಾಲಿನದು ಮಾತ್ರ ತಲುಪಬೇಕು. ಕನ್ನಡಕದ ಕೆಲಸ ಆರಂಭವಾದದ್ದು ಇಲ್ಲಿ. ತ್ರೀಡಿ ಕನ್ನಡಕವು ದೃಷ್ಟಿದೋಷವನ್ನು ಸರಿಪಡಿಸುವ ಕನ್ನಡಕವಲ್ಲ. ಅದೊಂದು ಜರಡಿ. ಒಂದು ಕಣ್ಣಿಗೆ ಸೇರಬಾರದ ಬೆಳಕನ್ನು ತಡೆಯುವುದಷ್ಟೇ ಅದರ ಕೆಲಸ. ಈ ಒಂದು ಮಾತನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಜರ್ಮನಿಯ ವಿಲ್ಹೆಲ್ಮ್ ರೋಲ್‌ಮನ್ 1853ರಲ್ಲಿ ಬಣ್ಣಗಳ ಜರಡಿಯನ್ನು ಸೂಚಿಸಿದರು. ಒಂದು ಚಿತ್ರವನ್ನು ಕೆಂಪಿನಲ್ಲಿ, ಇನ್ನೊಂದನ್ನು ನೀಲಿಯಲ್ಲಿ ಬರೆದು, ಅದೇ ಬಣ್ಣಗಳ ಗಾಜಿನಿಂದ ನೋಡುವುದು ಆ ವಿಧಾನ. ಫ್ರಾನ್ಸಿನ ಲೂಯಿ ಡ್ಯುಕೋ ದ್ಯು ಓರಾನ್ 1891ರಲ್ಲಿ ಇದನ್ನು ಮುದ್ರಣಕ್ಕೆ ತಂದರು. ಕಾಗದದ ಚೌಕಟ್ಟಿಗೆ ಕೆಂಪು, ನೀಲಿ ಹಾಳೆ ಅಂಟಿಸಿದ ಕನ್ನಡಕ ಎಲ್ಲರಿಗೂ ಪರಿಚಿತ. ಅಗ್ಗವಾದ್ದರಿಂದ ಅದು ಇನ್ನೂ ಬಳಕೆಯಲ್ಲಿದೆ. ಮಂಗಳ ಗ್ರಹದಿಂದ ಬಂದ ಚಿತ್ರಗಳನ್ನು ಅಮೆರಿಕದ ನಾಸಾ ಸಂಸ್ಥೆ ಜನರಿಗೆ ತೋರಿಸಿದ್ದೂ ಹೀಗೆಯೇ.

ಆದರೆ ಇದಕ್ಕೆ ತೆರಬೇಕಾದ ಬೆಲೆ ದೊಡ್ಡದು. ಬಣ್ಣವನ್ನೇ ಜರಡಿಯಾಗಿ ಬಳಸಿದ ಮೇಲೆ ಚಿತ್ರದಲ್ಲಿ ನಿಜ ಬಣ್ಣ ಉಳಿಯುವುದಿಲ್ಲ. ಒಂದು ಕಣ್ಣಿಗೆ ಕೆಂಪು, ಇನ್ನೊಂದಕ್ಕೆ ನೀಲಿ ಕಂಡಾಗ ಮಿದುಳು ಯಾವುದನ್ನು ಒಪ್ಪಿಕೊಳ್ಳಬೇಕೆಂದು ತಿಳಿಯದೆ ಒಮ್ಮೆ ಅದನ್ನು, ಒಮ್ಮೆ ಇದನ್ನು ಹಿಡಿಯುತ್ತದೆ. ಗಾಜಿನ ಬಣ್ಣವೂ ಮುದ್ರಣದ ಬಣ್ಣವೂ ಸರಿಯಾಗಿ ಹೊಂದದಿದ್ದರೆ ಒಂದು ಕಣ್ಣಿನ ಚಿತ್ರ ಇನ್ನೊಂದರೊಳಗೆ ಸೋರುತ್ತದೆ, ಅಂಚುಗಳಲ್ಲಿ ನೆರಳಿನಂಥ ಇಮ್ಮಡಿ ಗೆರೆ ಕಾಣುತ್ತದೆ. ಅರ್ಧ ಗಂಟೆ ನೋಡಿದವರಿಗೆ ತಲೆ ಭಾರವೆನಿಸುವುದು ಈ ಕಾರಣದಿಂದಲೇ.

ಮಂಕಾಗುವ ಚಿತ್ರ

ಬಣ್ಣ ಕೆಡದ ಜರಡಿಯೊಂದು ಬೇಕಾಗಿತ್ತು. ಅದನ್ನು ಒದಗಿಸಿದವರು ಅಮೆರಿಕದ ಎಡ್ವಿನ್ ಲ್ಯಾಂಡ್. ಬೆಳಕಿನ ಅಲೆಗಳು ಎಲ್ಲ ದಿಕ್ಕುಗಳಲ್ಲೂ ಕಂಪಿಸುತ್ತವೆ. ಒಂದು ದಿಕ್ಕಿನ ಕಂಪನವನ್ನು ಮಾತ್ರ ಬಿಟ್ಟು ಉಳಿದದ್ದನ್ನು ತಡೆಯುವ ಪ್ಲಾಸ್ಟಿಕ್ ಹಾಳೆಯನ್ನು ಅವರು 1920ರ ದಶಕದ ಕೊನೆಯಲ್ಲಿ ತಯಾರಿಸಿದರು. ಇದೇ ಮುಂದೆ ಪೋಲರಾಯ್ಡ್ ಎಂದು ಹೆಸರಾಯಿತು. ಎಡಗಣ್ಣಿಗೆ ಒಂದು ದಿಕ್ಕಿನ, ಬಲಗಣ್ಣಿಗೆ ಇನ್ನೊಂದು ದಿಕ್ಕಿನ ಬೆಳಕನ್ನು ಕಳುಹಿಸಿದರೆ ಬಣ್ಣವೂ ಉಳಿಯುತ್ತದೆ, ಚಿತ್ರಗಳೂ ಬೇರೆಯಾಗುತ್ತವೆ.

1952ರ ನವೆಂಬರಿನಲ್ಲಿ ಲಾಸ್ ಏಂಜಲೀಸ್‌ನಲ್ಲಿ ತೆರೆಕಂಡ 'ಬ್ವಾನಾ ಡೆವಿಲ್' ಚಿತ್ರದಿಂದ ಹಾಲಿವುಡ್‌ನಲ್ಲಿ ತ್ರೀಡಿ ಹುಚ್ಚು ಹಬ್ಬಿತು. ಮರುವರ್ಷದ 'ಹೌಸ್ ಆಫ್ ವ್ಯಾಕ್ಸ್' ದೊಡ್ಡ ಯಶಸ್ಸು ಕಂಡಿತು. ಅದರ ನಿರ್ದೇಶಕ ಆಂದ್ರೆ ಡಿ ಟೋತ್‌ರಿಗೆ ಇದ್ದದ್ದು ಒಂದೇ ಕಣ್ಣು! ತಾವು ಮಾಡಿದ ಚಿತ್ರದ ಆಳವನ್ನು ಅವರೇ ನೋಡಲಾರದವರಾಗಿದ್ದರು. ಆದರೆ ಈ ಹುಚ್ಚು ಎರಡು ವರ್ಷಗಳಲ್ಲಿ ಇಳಿದುಹೋಯಿತು. ಅಂದು ಎರಡು ಪ್ರೊಜೆಕ್ಟರ್‌ಗಳನ್ನು ಏಕಕಾಲದಲ್ಲಿ ಓಡಿಸಬೇಕಾಗಿತ್ತು. ಒಂದರ ರೀಲು ಒಂದೆರಡು ಚೌಕಟ್ಟು ಹಿಂದೆ ಬಿದ್ದರೂ ಎರಡು ಕಣ್ಣುಗಳು ಎರಡು ಬೇರೆ ಕ್ಷಣಗಳನ್ನು ನೋಡುವಂತಾಗಿ ಪ್ರೇಕ್ಷಕರಿಗೆ ತಲೆನೋವು ಬರುತ್ತಿತ್ತು. ಜನ ಕನ್ನಡಕವನ್ನು ದೂರಿದರು. ಆದರೆ ತಪ್ಪು ಹೆಚ್ಚಾಗಿ ಪ್ರೊಜೆಕ್ಟರ್ ಕೋಣೆಯಲ್ಲಿತ್ತು.

ಇನ್ನು ಮಂಕಾಗುವ ವಿಷಯ. ಪೋಲರಾಯ್ಡ್ ಹಾಳೆ ತನ್ನ ಮೇಲೆ ಬಿದ್ದ ಸಾಮಾನ್ಯ ಬೆಳಕಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತಡೆದೇ ತೀರುತ್ತದೆ. ಅದು ಅದರ ದೋಷವಲ್ಲ, ಅದರ ಕೆಲಸವೇ ಅದು. ಒಂದೇ ಪ್ರೊಜೆಕ್ಟರಿನಿಂದ ಎರಡು ಕಣ್ಣುಗಳಿಗೂ ಸರದಿಯಂತೆ ಚಿತ್ರ ತೋರಿಸುವ ಈಗಿನ ವಿಧಾನದಲ್ಲಿ ಪ್ರತಿ ಕಣ್ಣಿಗೂ ಅರ್ಧ ಸಮಯ ಕತ್ತಲೆಯೇ. ಸಾಮಾನ್ಯ ಚಿತ್ರಕ್ಕೆ ಪರದೆಯ ಹೊಳಪು 14 ಫುಟ್-ಲ್ಯಾಂಬರ್ಟ್ ಎಂಬ ಮಟ್ಟದಲ್ಲಿರಬೇಕೆಂದು ಸಿನಿಮಾ ಉದ್ಯಮದ ನಿಯಮವಿದೆ. ತ್ರೀಡಿ ಚಿತ್ರದಲ್ಲಿ ಕನ್ನಡಕದ ಮೂಲಕ ಕಣ್ಣಿಗೆ ತಲುಪುವುದು ಸುಮಾರು 4.5, ಎಷ್ಟೋ ಕಡೆ ಅದಕ್ಕಿಂತಲೂ ಕಡಿಮೆ. ಅಂದರೆ ಮೂರರಲ್ಲಿ ಒಂದು ಪಾಲು ಬೆಳಕು. ಬೆಳಕು ಕಡಿಮೆಯಾದಾಗ ಬಣ್ಣಗಳು ಸಪ್ಪೆಯಾಗುತ್ತವೆ, ಸಣ್ಣ ವಿವರಗಳು ಮಾಸುತ್ತವೆ. ಇದರ ಮೇಲೆ ಗೀರು ಬಿದ್ದ, ಬೆರಳಚ್ಚು ಮೆತ್ತಿದ ಕನ್ನಡಕವಾದರೆ ಕೇಳುವುದೇ ಬೇಡ. ಹಳೆಯ ರೀತಿಯ ಪೋಲರಾಯ್ಡ್ ಕನ್ನಡಕದಲ್ಲಿ ತಲೆಯನ್ನು ಓರೆ ಮಾಡಿದರೂ ಚಿತ್ರ ಇಮ್ಮಡಿಯಾಗುತ್ತಿತ್ತು. 2005ರ ನಂತರ ಬಂದ ಡಿಜಿಟಲ್ ತ್ರೀಡಿ ಮಂದಿರಗಳಲ್ಲಿ ವರ್ತುಲ ಧ್ರುವೀಕರಣವೆಂಬ ವಿಧಾನದಿಂದ ಆ ತೊಂದರೆ ಬಹಳ ಮಟ್ಟಿಗೆ ನೀಗಿದೆ.

ಕುಟ್ಟಿಚ್ಚಾತ್ತನ್ ಮತ್ತು ಕೆಂಗಣ್ಣು

ಭಾರತದ ಮೊದಲ ತ್ರೀಡಿ ಚಿತ್ರ ತಯಾರಾದದ್ದು ನಮ್ಮ ನೆರೆಯ ಕೇರಳದಲ್ಲಿ. ನವೋದಯ ಸಂಸ್ಥೆಯ 'ಮೈ ಡಿಯರ್ ಕುಟ್ಟಿಚ್ಚಾತ್ತನ್' 1984ರಲ್ಲಿ ಬಿಡುಗಡೆಯಾಯಿತು. ಜಿಜೋ ಅದರ ನಿರ್ದೇಶಕರು. ಅದೇ ಕಾಲದಲ್ಲಿ ದಕ್ಷಿಣ ಭಾರತದಲ್ಲಿ ಕೆಂಗಣ್ಣು ಬೇನೆ, ಅಂದರೆ 'ಮದ್ರಾಸ್ ಐ', ಹಬ್ಬಿತ್ತು. ಒಬ್ಬರು ಹಾಕಿದ ಕನ್ನಡಕವನ್ನು ಇನ್ನೊಬ್ಬರು ಹಾಕುವುದರಿಂದ ಈ ಬೇನೆ ಬರುತ್ತದೆಂದು ಸುದ್ದಿ ಹರಡಿತು. ಪ್ರತಿ ಪ್ರದರ್ಶನದ ನಂತರ ಕನ್ನಡಕಗಳನ್ನು ಶುಚಿಗೊಳಿಸಲಾಗುತ್ತದೆ ಎಂದು ಹೆಸರಾಂತ ನಟರಿಂದ ಹೇಳಿಸಿದ ಕಿರುಚಿತ್ರವನ್ನು ಸಿನಿಮಾಕ್ಕೆ ಮೊದಲು ತೋರಿಸಬೇಕಾಯಿತು.

ಈ ಭಯದಲ್ಲಿ ನಿಜವೆಷ್ಟು? ಕೆಂಗಣ್ಣು ಅಂಟುಬೇನೆ. ಕೈ, ಟವೆಲು, ಕನ್ನಡಕ, ಇಂಥ ಯಾವುದರ ಮೂಲಕವೂ ಅದು ದಾಟಬಹುದು. ಆದ್ದರಿಂದ ಒರೆಸದ ಕನ್ನಡಕವನ್ನು ಹಾಕದಿರುವುದೇ ಲೇಸು. ಆದರೆ ಅದು ಶುಚಿತ್ವದ ಪ್ರಶ್ನೆ. ಕಣ್ಣಿನ ದೃಷ್ಟಿಗೂ ತ್ರೀಡಿಗೂ ಅದರಿಂದ ಸಂಬಂಧ ಕಲ್ಪಿಸಬಾರದು. ಕನ್ನಡದಲ್ಲಿ ಪೂರ್ಣಪ್ರಮಾಣದ ತ್ರೀಡಿ ಚಿತ್ರ ಬಂದದ್ದು 2012ರ 'ಕಠಾರಿವೀರ ಸುರಸುಂದರಾಂಗಿ'ಯಿಂದ. ಅದಕ್ಕೆ ಮೂರು ವರ್ಷ ಮೊದಲು, 2009ರಲ್ಲಿ, 'ಅವತಾರ್' ಜಗತ್ತಿನಾದ್ಯಂತ ಈ ಕನ್ನಡಕವನ್ನು ಹೊಸದಾಗಿ ಜನಪ್ರಿಯಗೊಳಿಸಿತ್ತು. ಮನೆಗಳಿಗೆ ಬಂದ ತ್ರೀಡಿ ಟಿವಿ ಮಾತ್ರ ಬಾಳಲಿಲ್ಲ. 2017ರ ಹೊತ್ತಿಗೆ ದೊಡ್ಡ ಕಂಪೆನಿಗಳು ಅದರ ತಯಾರಿಕೆಯನ್ನು ನಿಲ್ಲಿಸಿದವು.

ಕಣ್ಣು ಕೆಡುತ್ತದೆಯೇ?

ನಾವು ಹತ್ತಿರದ ವಸ್ತುವನ್ನು ನೋಡುವಾಗ ಎರಡು ಕೆಲಸಗಳು ಒಟ್ಟಿಗೆ ನಡೆಯುತ್ತವೆ. ಎರಡು ಕಣ್ಣುಗುಡ್ಡೆಗಳು ಮೂಗಿನ ಕಡೆಗೆ ತಿರುಗುತ್ತವೆ. ಕಣ್ಣೊಳಗಿನ ಮಸೂರ ಉಬ್ಬಿ ಚಿತ್ರವನ್ನು ಸ್ಪಷ್ಟಗೊಳಿಸುತ್ತದೆ. ಇವೆರಡೂ ಜೋಡೆತ್ತುಗಳಂತೆ ಕೂಡಿ ನಡೆಯುವುದು ಹುಟ್ಟಿನಿಂದ ಬಂದ ಅಭ್ಯಾಸ. ತ್ರೀಡಿ ಚಿತ್ರದಲ್ಲಿ ಹಕ್ಕಿಯೊಂದು ನಿಮ್ಮ ಮೂಗಿನ ಬಳಿ ಹಾರಿ ಬಂದಂತೆ ಕಂಡಾಗ ಕಣ್ಣುಗಳು ಹಕ್ಕಿ ಇರುವಂತೆ ತೋರುವ ಕಡೆಗೆ ತಿರುಗುತ್ತವೆ. ಆದರೆ ಬೆಳಕು ಬರುತ್ತಿರುವುದು ದೂರದ ಪರದೆಯಿಂದ, ಆದ್ದರಿಂದ ಮಸೂರ ಪರದೆಯ ದೂರಕ್ಕೇ ಹೊಂದಿಕೊಂಡಿರಬೇಕು. ಒಂದು ಎತ್ತು ಏರಿಗೆ, ಇನ್ನೊಂದು ನೀರಿಗೆ ಎಳೆದಂತಾಗುತ್ತದೆ.

ವೀಟ್‌ಸ್ಟನ್ ತಮ್ಮ 1852ರ ಎರಡನೇ ಪ್ರಬಂಧದಲ್ಲಿಯೇ ಈ ಎರಡು ಕೆಲಸಗಳನ್ನು ಬೇರ್ಪಡಿಸಿ ಪರೀಕ್ಷಿಸಿದ್ದರು. 2008ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್‌ಲಿ ಕೇಂದ್ರದ ಮಾರ್ಟಿನ್ ಬ್ಯಾಂಕ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ, ಕಣ್ಣಿನ ಆಯಾಸಕ್ಕೆ ಈ ಎಳೆದಾಟ ಕಾರಣವೆಂದು ಪ್ರಯೋಗದಿಂದ ತೋರಿಸಿತು. ದೊಡ್ಡ ಪರದೆಯಿಂದ ದೂರ ಕುಳಿತಾಗ ಈ ಎಳೆದಾಟ ಕಡಿಮೆ. ಕೈಯಲ್ಲಿ ಹಿಡಿಯುವ ಅಥವಾ ತಲೆಗೆ ಕಟ್ಟಿಕೊಳ್ಳುವ ಸಾಧನಗಳಲ್ಲಿ ಹೆಚ್ಚು.

ಈ ಆಯಾಸ ಶಾಶ್ವತವೇ? ಆರೋಗ್ಯವಂತ ಕಣ್ಣುಗಳಿಗೆ ತ್ರೀಡಿ ಚಿತ್ರದಿಂದ ಶಾಶ್ವತ ಹಾನಿಯಾಗುತ್ತದೆ ಎಂಬುದಕ್ಕೆ ಪುರಾವೆ ಸಿಕ್ಕಿಲ್ಲ ಎಂಬುದು ಅಮೆರಿಕದ ನೇತ್ರತಜ್ಞರ ಅಕಾಡೆಮಿಯ ಅಭಿಪ್ರಾಯ. ತಲೆನೋವು, ಕಣ್ಣುರಿ, ವಾಕರಿಕೆ ಬಂದರೆ ಕನ್ನಡಕ ತೆಗೆದು ವಿಶ್ರಮಿಸಿದಾಗ ಅದು ಹೋಗುತ್ತದೆ. ತೀರ ಚಿಕ್ಕ ಮಕ್ಕಳ ವಿಷಯದಲ್ಲಿ ಮಾತ್ರ ಕೆಲವರು ಹೆಚ್ಚು ಎಚ್ಚರ ವಹಿಸಿದ್ದಾರೆ. ಆರು ವರ್ಷದೊಳಗಿನವರು ತ್ರೀಡಿ ನೋಡದಿರಲಿ ಎಂದು ಫ್ರಾನ್ಸಿನ ಆರೋಗ್ಯ ಸುರಕ್ಷತಾ ಸಂಸ್ಥೆ 2014ರಲ್ಲಿ ಸಲಹೆ ನೀಡಿತು. ಜಪಾನಿನ ನಿಂಟೆಂಡೊ ಕಂಪೆನಿಯೂ 2011ರಲ್ಲಿ ಬಂದ ತನ್ನ ತ್ರೀಡಿ ಆಟದ ಸಾಧನಕ್ಕೆ ಇಂಥದೇ ಎಚ್ಚರಿಕೆ ಸೇರಿಸಿತ್ತು.

ಕನ್ನಡಕ ಬಯಲು ಮಾಡುವ ಸತ್ಯ

ಈಗ ನಾನು ಆರಂಭದಲ್ಲಿ ಹೇಳಿದ ಮುಖ್ಯ ವಿಷಯಕ್ಕೆ ಬರೋಣ. ಒಂದು ಕುಟುಂಬ ತ್ರೀಡಿ ಚಿತ್ರಕ್ಕೆ ಹೋಗುತ್ತದೆ. ಎಲ್ಲರೂ ಕೈಚಾಚಿ ಉದ್ಗರಿಸುತ್ತಾರೆ. ಒಂದು ಮಗು ಮಾತ್ರ 'ನನಗೇನೂ ಹೊರಗೆ ಬಂದಂತೆ ಕಾಣುವುದಿಲ್ಲ' ಎನ್ನುತ್ತದೆ, ಅಥವಾ ತಲೆನೋವೆಂದು ಅಳುತ್ತದೆ. ಹಿರಿಯರು ಕನ್ನಡಕವನ್ನು ದೂರಿ ಸುಮ್ಮನಾಗುತ್ತಾರೆ. ಆದರೆ ಆ ಕನ್ನಡಕ ಮಗುವಿನ ಕಣ್ಣನ್ನು ಕೆಡಿಸಿಲ್ಲ. ಮಗು ಎರಡು ಕಣ್ಣುಗಳನ್ನೂ ಜೊತೆಯಾಗಿ ಬಳಸುತ್ತಿಲ್ಲವೆಂಬ ಸುಳಿವನ್ನು ಅದು ಕೊಟ್ಟಿದೆ.

ಕೆಲವು ಮಕ್ಕಳಿಗೆ ಮೆಳ್ಳೆಗಣ್ಣು ಇರುತ್ತದೆ. ಕೆಲವರಿಗೆ ಒಂದು ಕಣ್ಣಿನ ಪವರ್ ಇನ್ನೊಂದಕ್ಕಿಂತ ಬಹಳ ಬೇರೆಯಾಗಿರುತ್ತದೆ. ಆಗ ಮಿದುಳು ಮಸುಕಾದ ಚಿತ್ರವನ್ನು ಬೇಡವೆಂದು ತಳ್ಳಿ, ಒಳ್ಳೆಯ ಕಣ್ಣಿನ ಚಿತ್ರವನ್ನಷ್ಟೇ ಸ್ವೀಕರಿಸಲು ಕಲಿಯುತ್ತದೆ. ಕೆಲಸವಿಲ್ಲದ ಕಣ್ಣು ಕ್ರಮೇಣ ದುರ್ಬಲವಾಗುತ್ತದೆ. ಇದನ್ನು 'ಸೋಮಾರಿ ಕಣ್ಣು' ಎನ್ನುತ್ತಾರೆ. ನೂರು ಮಕ್ಕಳಲ್ಲಿ ಒಬ್ಬರಿಂದ ಮೂವರಿಗೆ ಇದು ಇರುತ್ತದೆಂದು ಅಂದಾಜು. ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಮೇಲೆ ನಡೆಸಿದ ಪ್ರಯೋಗಗಳು ಇದರ ಕಾರಣವನ್ನು ತಿಳಿಸಿದವು. ಎಳೆಯ ವಯಸ್ಸಿನಲ್ಲಿ ಒಂದು ಕಣ್ಣು ಮುಚ್ಚಿದ್ದರೆ, ಮಿದುಳಿನಲ್ಲಿ ಆ ಕಣ್ಣಿಗೆ ಸಲ್ಲಬೇಕಾದ ಜೀವಕೋಶಗಳು ಇನ್ನೊಂದು ಕಣ್ಣಿನ ಪಾಲಾಗುತ್ತವೆ. ಈ ಸಂಶೋಧನೆಗೆ ಅವರು 1981ರಲ್ಲಿ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ನೋಟ ಮಿದುಳಿನಲ್ಲಿ ಪೂರ್ಣವಾಗುತ್ತದೆಂದು ಇಬ್ನುಲ್ ಹೈಸಮ್ ಹೇಳಿದ ಮಾತಿಗೆ ಇದು ಸಾವಿರ ವರ್ಷಗಳ ನಂತರ ಸಿಕ್ಕ ದೊಡ್ಡ ಸಾಕ್ಷಿ.

ದುಃಖದ ಸಂಗತಿಯೆಂದರೆ, ಮಗುವಿಗೂ ಇದು ತಿಳಿಯುವುದಿಲ್ಲ. ಒಂದು ಕಣ್ಣು ಚೆನ್ನಾಗಿರುವುದರಿಂದ ಅದು ಓದುತ್ತದೆ, ಆಡುತ್ತದೆ. ಚಿಕಿತ್ಸೆ ಸರಳ: ಸರಿಯಾದ ಕನ್ನಡಕ, ಮತ್ತು ದಿನಕ್ಕೆ ಕೆಲವು ಗಂಟೆ ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿ ಸೋಮಾರಿ ಕಣ್ಣಿನಿಂದ ಕೆಲಸ ಮಾಡಿಸುವುದು. ಫ್ರಾನ್ಸಿನ ಬುಫಾನ್ 1743ರಲ್ಲಿಯೇ ಈ ಉಪಾಯವನ್ನು ಬರೆದಿದ್ದರು. ಆದರೆ ಏಳೆಂಟು ವರ್ಷ ವಯಸ್ಸಿನೊಳಗೆ ಮಾಡಿದರೆ ಫಲ ಹೆಚ್ಚು. ತಡವಾದಷ್ಟೂ ಕಷ್ಟ.

ಕಷ್ಟವೆಂದರೆ ಅಸಾಧ್ಯವೆಂದಲ್ಲ. ಅಮೆರಿಕದ ಪ್ರಾಧ್ಯಾಪಕಿ ಸೂಸನ್ ಬ್ಯಾರಿಯವರಿಗೆ ಹಸುಳೆಯಾಗಿದ್ದಾಗಿನಿಂದ ಮೆಳ್ಳೆಗಣ್ಣಿತ್ತು. ಅವರು ಕಣ್ಣಿನ ವ್ಯಾಯಾಮಗಳ ಮೂಲಕ 2002ರಲ್ಲಿ, 48ನೇ ವಯಸ್ಸಿನಲ್ಲಿ, ಮೊದಲ ಬಾರಿಗೆ ಜಗತ್ತಿನ ಆಳವನ್ನು ಕಂಡರು. ಒಂದೇ ಕಣ್ಣಿನ ದೃಷ್ಟಿ ಇರುವವರೂ ಎದೆಗುಂದಬೇಕಿಲ್ಲ. ನೆರಳು, ಗಾತ್ರ, ಒಂದು ವಸ್ತು ಇನ್ನೊಂದನ್ನು ಮರೆಮಾಡುವುದು, ಚಲನೆ, ಇವುಗಳಿಂದಲೂ ದೂರವನ್ನು ಅಳೆಯಬಹುದು. ಮನ್ಸೂರ್ ಅಲೀ ಖಾನ್ ಪಟೌಡಿ 1961ರ ಜುಲೈಯಲ್ಲಿ ಇಂಗ್ಲೆಂಡಿನ ಕಾರು ಅಪಘಾತದಲ್ಲಿ ಬಲಗಣ್ಣಿನ ದೃಷ್ಟಿ ಕಳೆದುಕೊಂಡರು. ಮತ್ತೆ ಬ್ಯಾಟು ಹಿಡಿದಾಗ ಚೆಂಡು ಎರಡಾಗಿ ಕಾಣುತ್ತಿತ್ತೆಂದು ಅವರೇ ಹೇಳಿದ್ದಾರೆ. ಅದೇ ವರ್ಷದ ಡಿಸೆಂಬರಿನಲ್ಲಿ ಭಾರತದ ಪರ ಟೆಸ್ಟ್ ಆಡಿದರು. 1962ರಲ್ಲಿ 21ನೇ ವಯಸ್ಸಿನಲ್ಲಿ ನಾಯಕರಾದರು. 1964ರಲ್ಲಿ ದೆಹಲಿಯಲ್ಲಿ ಇಂಗ್ಲೆಂಡ್ ವಿರುದ್ಧ ಅಜೇಯ 203 ರನ್ ಹೊಡೆದರು.

ನಾವು ಮಾಡಬಹುದಾದದ್ದು

ಕಣ್ಣಾಸ್ಪತ್ರೆಗಳಲ್ಲಿ ಮಗುವಿನ ಜೋಡಿ ದೃಷ್ಟಿಯನ್ನು ಪರೀಕ್ಷಿಸಲು ಒಂದು ದೊಡ್ಡ ನೊಣದ ಚಿತ್ರವಿದೆ. ಮಗುವಿಗೆ ಪೋಲರಾಯ್ಡ್ ಕನ್ನಡಕ ಹಾಕಿ, 'ಇದರ ರೆಕ್ಕೆ ಹಿಡಿ' ಎನ್ನುತ್ತಾರೆ. ಎರಡು ಕಣ್ಣೂ ಕೂಡಿ ಕೆಲಸ ಮಾಡುವ ಮಗು ಕಾಗದದ ಮೇಲೆ ಗಾಳಿಯಲ್ಲಿ ರೆಕ್ಕೆಯನ್ನು ಚಿವುಟಲು ಹೋಗುತ್ತದೆ. ಹಾಗಿಲ್ಲದ ಮಗು ಕಾಗದವನ್ನೇ ಮುಟ್ಟುತ್ತದೆ. ಕಣ್ಣು ಕೆಡಿಸುತ್ತದೆಂದು ನಾವು ಹೆದರಿದ ಕನ್ನಡಕವೇ ಇಲ್ಲಿ ವೈದ್ಯರ ಕೈಯ ಸಾಧನವಾಗಿದೆ.

ನಮ್ಮ ದೇಶದಲ್ಲಿ ಅಂಧತ್ವ ನಿಯಂತ್ರಣ ರಾಷ್ಟ್ರೀಯ ಕಾರ್ಯಕ್ರಮ 1976ರಲ್ಲಿ ಆರಂಭವಾಯಿತು. ಶಾಲಾ ಮಕ್ಕಳ ಕಣ್ಣು ತಪಾಸಣೆಯೂ ಅದರ ಭಾಗವಾಗಿದೆ. ಆದರೆ ಎರಡೂ ಕಣ್ಣು ತೆರೆದು ಅಕ್ಷರ ಓದಿಸಿದರೆ ಸೋಮಾರಿ ಕಣ್ಣು ಬಚ್ಚಿಟ್ಟುಕೊಳ್ಳುತ್ತದೆ. ಒಂದೊಂದು ಕಣ್ಣನ್ನು ಪೂರ್ತಿ ಮುಚ್ಚಿ ಬೇರೆ ಬೇರೆಯಾಗಿ ಓದಿಸಬೇಕು. ಸಂಘದ ಸದಸ್ಯರಲ್ಲಿ ನನ್ನ ಕೋರಿಕೆ ಇಷ್ಟೇ: ಶಾಲೆಗಳಲ್ಲಿಯೂ ಮದ್ರಸಗಳಲ್ಲಿಯೂ ಒಂದನೇ ತರಗತಿಗೆ ಸೇರುವ ಪ್ರತಿ ಮಗುವಿನ ಎರಡೂ ಕಣ್ಣುಗಳ ತಪಾಸಣೆ ನಡೆಯುವಂತೆ ನೋಡಿಕೊಳ್ಳಿ. ವಿದ್ಯಾರ್ಥಿವೇತನ ಪಡೆಯುವ ವಯಸ್ಸಿಗೆ ಬಂದಾಗ ಕಂಡುಹಿಡಿದರೆ ಬಹಳ ತಡವಾಗಿರುತ್ತದೆ. ಪಟ್ಟಿ ಕಟ್ಟಿಕೊಂಡು ಬಂದ ಮಗುವನ್ನು ಇತರರು ಗೇಲಿ ಮಾಡದಂತೆ ತಿಳಿಹೇಳುವ ಹೊಣೆ ಶಿಕ್ಷಕರದು.

ವಿದ್ಯಾರ್ಥಿಗಳೇ, ನೀವು ಇಂದು ಸಂಜೆ ಮನೆಗೆ ಹೋದಾಗ ನಿಮ್ಮ ತಮ್ಮನನ್ನೋ ತಂಗಿಯನ್ನೋ ಕೂರಿಸಿಕೊಂಡು, ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಸಿ, ಗೋಡೆಯ ಕ್ಯಾಲೆಂಡರಿನ ಅಂಕಿಗಳನ್ನು ದೂರದಿಂದ ಓದಿಸಿ. ಬಳಿಕ ಇನ್ನೊಂದು ಕಣ್ಣನ್ನು ಮುಚ್ಚಿಸಿ ಓದಿಸಿ. ಎರಡಕ್ಕೂ ವ್ಯತ್ಯಾಸ ಕಂಡರೆ ತಡಮಾಡದೆ ಕಣ್ಣಿನ ವೈದ್ಯರಲ್ಲಿಗೆ ಕರೆದುಕೊಂಡು ಹೋಗುವಂತೆ ಮನೆಯ ಹಿರಿಯರಿಗೆ ಹೇಳಿ. ಇದಕ್ಕೆ ಐದು ನಿಮಿಷ ಸಾಕು.